ಡೆಕ್ ಗರಗಸ: ಬಳಕೆಯ ಕೈಪಿಡಿ (ನಂದಿದುರ್ಗ ಆವೃತ್ತಿ)

ಡಬ್ಬಿಯಲ್ಲಿ ಬರುವ ಕೈಪಿಡಿ ಸ್ವಂತ ಡೆಕ್ಕು, ಅಂದರೆ ಮನೆಯ ಹೊರಗಿನ ಹಲಗೆ ಹಾಸು, ಇರುವವರಿಗೆ ಬರೆದದ್ದು. ಕೆಜಿಎಫ್‌ನ (ಕೋಲಾರ ಚಿನ್ನದ ಗಣಿ) ನಂದಿದುರ್ಗ ಗಣಿಯ ಲೈನ್ ಮನೆಯಿಂದ ಬೆಳಗಿನ ಜಾವದ ರೈಲು ಹಿಡಿದು, ಬೆಂಗಳೂರಿನ ವಿಲ್ಲಾಗಳಿಗೆ ಡೆಕ್ಕು ಹಾಸಲು ಹೋಗುವ ಆಚಾರಿಗೆ ಇದು.

ಹಲಗೆ: ಮರದ ಹೊಟ್ಟಿಗೆ ಪ್ಲಾಸ್ಟಿಕ್ಕು ಬೆರೆಸಿ ಅಚ್ಚಿನಿಂದ ಹೊರಡಿಸಿದ್ದು. ಎಳೆ ನೋಡುವಂತಿಲ್ಲ, ಗಂಟು ಹುಡುಕುವಂತಿಲ್ಲ. ಅಪ್ಪ ಕಲಿಸಿದ ವಿದ್ಯೆಯ ಅರ್ಧ ಇಲ್ಲಿ ರದ್ದು.

ಗರಗಸದ ಆಯ್ಕೆ: ಕೈಗರಗಸದಲ್ಲೂ ಕೊಯ್ಯಬಹುದು. ಆದರೆ ಮಾಲೀಕರು ಮಹಡಿಯಿಂದ ನೋಡುತ್ತಿದ್ದರೆ ಬೇಡ. ಸದ್ದಿಲ್ಲದಿದ್ದರೆ ಕೆಲಸ ನಿಂತಿದೆ ಅಂತಲೇ ಅವರ ಲೆಕ್ಕ. ತಿರುವು ಬಂದಲ್ಲಿ ಜಿಗ್ಸಾ. ಉದ್ದ ಕೊಯ್ತಕ್ಕೆ ಸರ್ಕ್ಯುಲರ್ ಸಾ, ಕಾರ್ಬೈಡ್ ಹಲ್ಲಿನ ಬ್ಲೇಡು. ಹಲ್ಲು ಮೊಂಡಾದರೆ ಅದು ಕೊಯ್ಯುವುದಿಲ್ಲ, ಉಜ್ಜುತ್ತದೆ. ಉಜ್ಜಿದರೆ ಬಿಸಿ, ಬಿಸಿಯಾದರೆ ಪ್ಲಾಸ್ಟಿಕ್ಕು ಕರಗಿ ಬ್ಲೇಡಿಗೆ ಬೆಲ್ಲದ ಪಾಕದಂತೆ ಅಂಟುತ್ತದೆ. ನಮ್ಮಲ್ಲಿ ಎಲ್ಲರ ಚೀಲದಲ್ಲಿರುವುದು ಮಾರ್ಬಲ್ ಕಟ್ಟರ್. ಟೈಲ್ಸ್ ಕೊಯ್ದ ಡೈಮಂಡ್ ಬ್ಲೇಡನ್ನೇ ಹಲಗೆಗೂ ಓಡಿಸುವವರಿದ್ದಾರೆ. ಅದಕ್ಕೆ ಹಲ್ಲೇ ಇಲ್ಲ, ಹೊಗೆ ಮಾತ್ರ ಬರುತ್ತದೆ. ಮಾರ್ಬಲ್ ಕಟ್ಟರಿಗೆ ಮರದ ಬ್ಲೇಡು ಹಾಕಿ ಗಾರ್ಡು ಕಳಚುವುದಂತೂ ಬೆರಳಿಗೆ ಹಗೆ. ಹಾಗೆ ಮಾಡಿಯೂ ಹತ್ತು ಬೆರಳು ಉಳಿಸಿಕೊಂಡವರ ಮಾತನ್ನು ಪ್ರಮಾಣ ಅಂತ ತೆಗೆದುಕೊಳ್ಳಬೇಡಿ.

ಸಂದು: ಬಿಸಿಲಲ್ಲಿ 20 ಡಿಗ್ರಿ ಏರಿದರೆ 3 ಮೀಟರ್ ಹಲಗೆ ಸುಮಾರು 3 ಮಿಲಿಮೀಟರ್ ಹಿಗ್ಗುತ್ತದೆ. ಸಂದು ಬಿಡಿ. 'ಇಷ್ಟು ಗ್ಯಾಪ್ ಯಾಕ್ರೀ?' ಅಂತ ಮಾಲೀಕರು ಕೇಳಿಯೇ ಕೇಳುತ್ತಾರೆ. ಡಿಸೈನ್ ಸರ್, ಅನ್ನಿ.

ಅನುಭವ: ಮಾಲೀಕರು ಕೇಳಿದರೆ ಮನೆತನ ಹೇಳಿಕೊಳ್ಳಬಹುದು. ನಿಮ್ಮ ತಾತ ಗಣಿಯಲ್ಲಿ ಮರದ ಆಸರೆ ಕಟ್ಟುತ್ತಿದ್ದವರಾದರೆ, ಅವರ ಕೊಯ್ತ ಅರ್ಧ ಇಂಚು ತಪ್ಪಿದರೂ ಕೇಳುತ್ತಿದ್ದದ್ದು ಮೇಲಿನ ಬಂಡೆ. ಕೆಜಿಎಫ್‌ನಲ್ಲಿ ಚಾಂಪಿಯನ್ ರೀಫ್ ಗಣಿ 3 ಕಿಲೋಮೀಟರಿಗೂ ಆಳ ಇಳಿದಿತ್ತು. ನೀವು ಹಾಸುವ ಡೆಕ್ಕಿನ ಕೆಳಗೆ ಎರಡಿಂಚು ಖಾಲಿ ಜಾಗ, ಅದರ ಕೆಳಗೆ ಕಾಂಕ್ರೀಟು. ಆದರೂ ಲೆವೆಲ್ ಪಟ್ಟಿ ಇಟ್ಟು ನೋಡುವವರು ಇಲ್ಲೇ ಹೆಚ್ಚು.

ಸಾಗಣೆ: ಗಣಿ ಮುಚ್ಚಿದ್ದು 2001ರ ಫೆಬ್ರವರಿ 28ಕ್ಕೆ. ಗಣಿಗೆಂದು 1894ರಲ್ಲಿ ಹಾಕಿದ ರೈಲು ಹಳಿ ಈಗ ಜನರನ್ನು ಹೊರಗೆ ಸಾಗಿಸುತ್ತದೆ. ಮಾರಿಕುಪ್ಪಂನಲ್ಲಿ ಹತ್ತಿದವರಿಗೆ ಸೀಟು. ಊರ್ಗಾಂ, ಕೋರಮಂಡಲ್ ದಾಟಿ ಬಂಗಾರಪೇಟೆ ಬರುವಷ್ಟರಲ್ಲಿ ಕಾಲಿಡಲೂ ಜಾಗವಿಲ್ಲ. ಬ್ಲೇಡು ಕಳಚಿ ರಟ್ಟಿನಲ್ಲಿ ಸುತ್ತಿ, ಊಟದ ಡಬ್ಬಿಯ ಜೊತೆ ಬೇಡ, ಬೇರೆ ಚೀಲದಲ್ಲಿಡಿ.

ನಿರ್ವಹಣೆ: ಗಾಳಿ ಎದ್ದಾಗ ಗಣಿತ್ಯಾಜ್ಯದ ಸೈನೈಡ್ ದಿಬ್ಬದ ನುಣ್ಣನೆ ಮರಳು ಮೋಟರಿನ ಕಿಂಡಿಗೂ ಹೊಗುತ್ತದೆ. ಬಟ್ಟೆ ಮುಚ್ಚಿಡಿ. ಕೊಯ್ಯುವಾಗ ಕನ್ನಡಕ, ಮುಖವಸ್ತ್ರ; ಗಣಿಯ ದೂಳು ಕುಡಿದ ಎದೆಗಳನ್ನು ಈ ಊರು ಬೇಕಾದಷ್ಟು ಕಂಡಿದೆ.

ಉಳಿದ ತುಂಡು: ಮಾಲೀಕರನ್ನು ಕೇಳಿ ತನ್ನಿ. ಬಚ್ಚಲ ಬಾಗಿಲಿನ ಕೊಳೆತ ಕೆಳಭಾಗಕ್ಕೆ ಒಂದೂವರೆ ಅಡಿ ಸಾಕು. ಭಾನುವಾರ ಕೂಡಿಸಿ, ಕರೆಂಟಿಗೆ ಕಾಯಬೇಡಿ, ಒಂದು ತುಂಡಿಗೆ ಕೈಗರಗಸ ಆಗುತ್ತದೆ.