ಟರ್ಕಿ ಬೇಟೆಯ ಕೋವಿ ಮಾರುವವರಿಗೆ ಒಂದು ಬಹಿರಂಗ ಪತ್ರ

ಮಾನ್ಯರೇ,

ಅಮೆರಿಕದ ಮಿಸ್ಸೂರಿಯಲ್ಲಿ ಏಪ್ರಿಲ್‌ನ ಮೂರನೆಯ ಸೋಮವಾರ ವಸಂತದ ಟರ್ಕಿ ಕೋಳಿ ಬೇಟೆ ಶುರುವಾಗುತ್ತದೆ. ಅದಕ್ಕೆ ಮುಂಚಿನ ವಾರಗಳಲ್ಲಿ ನಿಮ್ಮ ಕೌಂಟರಿನ ಮುಂದೆ ಹೊಸಬರು ಬಂದು ನಿಲ್ಲುತ್ತಾರೆ. ನಂಬಬಹುದಾದ ಒಂದು ಕೋವಿ ಬೇಕು ಎನ್ನುತ್ತಾರೆ. ನೀವು ಗೋಡೆಯಿಂದ ಇಳಿಸಿಕೊಡುವುದು ಮೈಮೇಲೆಲ್ಲ ಎಲೆಯ ಚಿತ್ತಾರವಿರುವ, ಮೂರೂವರೆ ಅಂಗುಲದ ತೋಟಾ ಹಿಡಿಯುವ 12 ಬೋರಿನ ಕೋವಿ. 60 ಗಜದಲ್ಲೂ ಹುಂಜ ಬೀಳುತ್ತದೆ ಎಂಬ ಮಾತನ್ನೂ ಜೊತೆಗೆ ಸೇರಿಸುತ್ತೀರಿ. ನನ್ನ ತಕರಾರು ಕೋವಿಯ ಮೇಲೆ ಕಡಿಮೆ, ಆ 60 ಗಜದ ಮಾತಿನ ಮೇಲೆ ಹೆಚ್ಚು.

ನಿಮಗೆ ಸಲ್ಲಬೇಕಾದ ಗೌರವವನ್ನು ಮೊದಲು ಸಲ್ಲಿಸುತ್ತೇನೆ. 1937ರ ಪಿಟ್‌ಮನ್–ರಾಬರ್ಟ್‌ಸನ್ ಕಾಯಿದೆಯ ಪ್ರಕಾರ ಬೇಟೆಕೋವಿ ಮತ್ತು ತೋಟಾಗಳ ಮೇಲೆ ತಯಾರಕರು ಕಟ್ಟುವ ಶೇ 11ರ ತೆರಿಗೆ ರಾಜ್ಯಗಳ ವನ್ಯಜೀವಿ ಕೆಲಸಕ್ಕೆ ಹೋಗುತ್ತದೆ. ಕಾಡು ಕಡಿದು, ಲಂಗುಲಗಾಮಿಲ್ಲದೆ ಹೊಡೆದು ಹಲವು ರಾಜ್ಯಗಳಲ್ಲಿ ಹೆಸರಿಲ್ಲದಂತೆ ಮಾಡಿದ್ದ ಹಕ್ಕಿಯಿದು. ಸಾಕಿದ ಟರ್ಕಿಗಳನ್ನು ಕಾಡಿಗೆ ಬಿಟ್ಟರೆ ಅವು ಬದುಕಲಿಲ್ಲ. ಉಳಿದಿದ್ದ ಕಾಡುಹಕ್ಕಿಗಳನ್ನೇ ತೋಪಿನಿಂದ ಬಲೆ ಹಾರಿಸಿ ಹಿಡಿದು, ಬರಿದಾದ ಕಾಡುಗಳಿಗೆ ಒಯ್ದು ಬಿಟ್ಟ ಮೇಲೆ ಸಂತತಿ ಚಿಗುರಿತು. 1960ರಲ್ಲಿ ಮಿಸ್ಸೂರಿ ಮತ್ತೆ ಬೇಟೆ ತೆರೆದಾಗ ಸಿಕ್ಕಿದ್ದು ಮೂರು ದಿನ. ಬಿದ್ದದ್ದು 94 ಹುಂಜ. ಈಗ ಪ್ರತಿ ವಸಂತದಲ್ಲಿ ಹತ್ತಾರು ಸಾವಿರ. ಇದರಲ್ಲಿ ನಿಮ್ಮ ವ್ಯಾಪಾರದ ಪಾಲೂ ಇದೆ. ಆದರೆ ಇತ್ತೀಚಿನ ವರ್ಷಗಳಲ್ಲಿ ದಕ್ಷಿಣದ ಮತ್ತು ಮಧ್ಯಪಶ್ಚಿಮದ ಹಲವು ರಾಜ್ಯಗಳಲ್ಲಿ ಸಂಖ್ಯೆ ಮತ್ತೆ ಇಳಿದಿದೆ. ಕ್ಯಾನ್ಸಾಸ್ 2023ರಲ್ಲಿ ಶರತ್ಕಾಲದ ಬೇಟೆಯನ್ನೇ ನಿಲ್ಲಿಸಿತು. ಇಂಥ ಹೊತ್ತಿನಲ್ಲಿ ಚರೆ ತಿಂದು ಪೊದೆ ಸೇರಿ ಸಾಯುವ ಒಂದೊಂದು ಹುಂಜವೂ ಯಾರ ಲೆಕ್ಕಕ್ಕೂ ಸಿಗದ ನಷ್ಟ.

ಟರ್ಕಿಗೆ ಮೈ ನೋಡಿ ಹೊಡೆಯುವುದಿಲ್ಲ. ದಪ್ಪ ಗರಿ, ರೆಕ್ಕೆಯ ಎಲುಬು, ಎದೆಯ ಮಾಂಸ ದಾಟಿ ಸಣ್ಣ ಚರೆ ಒಳಗಿಳಿಯುವುದು ಕಷ್ಟ. ಗುರಿ ತಲೆಗೆ ಮತ್ತು ಕತ್ತಿಗೆ. ಅಲ್ಲಿ ಪ್ರಾಣ ಹೋಗುವ ಜಾಗ ಎರಡು ಬೆರಳಿನಗಲ. ನಳಿಗೆ ಬಿಟ್ಟ ಚರೆಯೋ ಅಕ್ಷತೆ ಎರಚಿದ ಹಾಗೆ ಹರಡುತ್ತಾ ಹೋಗುತ್ತದೆ. ನಳಿಗೆಯ ಬಾಯಲ್ಲಿರುವ ಚೋಕ್ ಅದನ್ನು ತಡಮಾಡುತ್ತದೆಯೇ ಹೊರತು ನಿಲ್ಲಿಸುವುದಿಲ್ಲ. 40 ಗಜದಲ್ಲಿ, ಅಂದರೆ 36 ಮೀಟರ್ ಚಿಲ್ಲರೆ ದೂರದಲ್ಲಿ, 10 ಅಂಗುಲ ಅಗಲದ ವೃತ್ತದೊಳಗೆ 100 ಚರೆಯಾದರೂ ಬೀಳಬೇಕೆಂಬುದು ಇಲ್ಲಿನ ಹಳಬರ ಅಳತೆ. ಯಾವ ಕೋವಿ ಅಷ್ಟು ಬೀಳಿಸುತ್ತದೆ? ಪೆಟ್ಟಿಗೆಯ ಮೇಲೆ ಬರೆದಿರುವುದಿಲ್ಲ. ಒಂದೇ ಕಾರ್ಖಾನೆಯ, ಒಂದೇ ಮಾದರಿಯ ಎರಡು ಕೋವಿಗಳು ಒಂದೇ ತೋಟಾವನ್ನು ಬೇರೆ ಬೇರೆ ಥರ ಹರಡುತ್ತವೆ. ಒಂದು ನಳಿಗೆಗೆ 5ನೇ ನಂಬರಿನ ಸೀಸ ಒಗ್ಗಿದರೆ ಪಕ್ಕದ್ದಕ್ಕೆ 6 ಒಗ್ಗುತ್ತದೆ. ಚೋಕ್ ತೀರ ಬಿಗಿಯಾದರೆ ಚರೆ ಕೂಡುವ ಬದಲು ಚದುರುವುದೂ ಉಂಟು. ಕೆಲವು ಕೋವಿಗಳು ಗುರಿಯಿಟ್ಟಲ್ಲಿಂದ ಒಂದು ಗೇಣು ಮೇಲಕ್ಕೋ ಎಡಕ್ಕೋ ಹೊಡೆಯುತ್ತವೆ. ದೊಡ್ಡ ಹಾಳೆ ಕಟ್ಟಿ 20, 30, 40 ಗಜದಿಂದ ಹೊಡೆದು ತೂತು ಎಣಿಸಿದವನಿಗೆ ಮಾತ್ರ ಇದು ಗೊತ್ತಾಗುತ್ತದೆ. ಕೋವಿ, ಚೋಕ್, ತೋಟಾ ಮೂರೂ ಒಟ್ಟಿಗೆ ಹಾಳೆಯ ಮೇಲೆ ಪಾಸಾಗುವವರೆಗೆ ನಿಮ್ಮ ಗೋಡೆಯ ಮೇಲಿನ ಯಾವ ಕೋವಿಯನ್ನೂ ನಂಬುವಂತಿಲ್ಲ, ಅದರ ಬೆಲೆ ಎಷ್ಟೇ ಇರಲಿ.

ದೂರದ ಹುಚ್ಚು ಹೆಚ್ಚಿದ್ದು ಟಂಗ್‌ಸ್ಟನ್ ಚರೆಯಿಂದ. ಸೀಸದ ಸಾಂದ್ರತೆ ಘನ ಸೆಂಟಿಮೀಟರಿಗೆ 11 ಗ್ರಾಂ ಚಿಲ್ಲರೆ. ನೀವು ಟಿಎಸ್‌ಎಸ್ ಎಂದು ಮಾರುವ ಚರೆಯದು ಸುಮಾರು 18. ಅಷ್ಟು ಭಾರ ಇರುವುದರಿಂದ 9ನೇ ನಂಬರಿನ ಸಣ್ಣ ಕಾಳೂ ದೂರದವರೆಗೆ ಬಲ ಉಳಿಸಿಕೊಳ್ಳುತ್ತದೆ. ಒಂದು ಔನ್ಸಿಗೆ 5ನೇ ನಂಬರಿನ ಸೀಸ 170ರಷ್ಟು ಕಾಳು ಬಂದರೆ ಇದು ಸುಮಾರು 360 ಬರುತ್ತದೆ. ಒಂದು ತೋಟಾಕ್ಕೆ ಹತ್ತು ಡಾಲರ್ ಮೀರಿದರೂ ನಾನು ಇದನ್ನು ಮೆಚ್ಚುತ್ತೇನೆ. ಏಕೆಂದರೆ ಇದರಿಂದ 20 ಬೋರು, .410 ಬೋರು ಕೂಡ 40 ಗಜದ ಕೆಲಸಕ್ಕೆ ಸಾಕಾದವು. ಹದಿಮೂರರ ಹುಡುಗಿಗೂ ಭುಜ ಸವೆದ ಅಜ್ಜನಿಗೂ ಕೈಗೊಗ್ಗುವ ಹಗುರ ಕೋವಿ ಸಿಕ್ಕಿತು. ಈ ಲಾಭವನ್ನು ಹೇಳಿ ಮಾರಿ ಎಂದರೆ ನೀವು 60 ಗಜ, 70 ಗಜ ಎಂದು ಹೇಳುತ್ತಿದ್ದೀರಿ. ಮರದ ನಡುವೆ ಕೂತವನಿಗೆ 45 ಗಜವೂ 60 ಗಜವೂ ಒಂದೇ ಥರ ಕಾಣುತ್ತದೆ. ನಡುವೆ ಒಂದು ಎಳೆ ಬಳ್ಳಿ ಅಡ್ಡ ಬಂದರೂ ಸಾಕು. ಹುಂಜ ತಲೆ ಆಡಿಸುತ್ತಲೇ ಇರುತ್ತದೆ. ಹಿಂದೆ ಹೇಟೆಗಳು ಮೇಯುತ್ತಿರುತ್ತವೆ. ಈ ಬೇಟೆಯ ವಿದ್ಯೆಯೇ ಕೂಗಿ ಹತ್ತಿರಕ್ಕೆ ಕರೆಸಿಕೊಳ್ಳುವುದು. ದೂರ ಮಾರುವವರು ಆ ವಿದ್ಯೆಯನ್ನು ಕಲಿಯದಂತೆ ತಡೆಯುತ್ತಿದ್ದಾರೆ.

ಇನ್ನು ಮೂರೂವರೆ ಅಂಗುಲದ ತೋಟಾ. ಹಗುರ ಕೋವಿಯಿಂದ ಅದು ಭುಜಕ್ಕೆ ಕೊಡುವ ಒದೆತ ಎಷ್ಟೋ ದೊಡ್ಡ ಬೇಟೆಯ ರೈಫಲ್‌ಗಳಿಗಿಂತ ಜೋರು. ಎರಡು ಸಲ ಒದೆ ತಿಂದ ಹೊಸಬ ಮೂರನೆಯ ತೋಟಾವನ್ನು ಹಾಳೆಗೆ ಹೊಡೆಯುವುದಿಲ್ಲ, ಪರೀಕ್ಷೆ ಅಲ್ಲಿಗೇ ಮುಗಿಯುತ್ತದೆ. ಕಾಡಿನಲ್ಲಿ ಅವನು ಹೆದರಿ ಕೆನ್ನೆ ಎತ್ತುತ್ತಾನೆ, ಚರೆ ಹಕ್ಕಿಯ ತಲೆಯ ಮೇಲಿಂದ ಹೋಗುತ್ತದೆ. ಬಿಗಿ ಚೋಕಿನ ಇನ್ನೊಂದು ತೊಂದರೆಯನ್ನೂ ಹೇಳಿ: 15 ಗಜದಲ್ಲಿ ಅದರ ಚರೆ ಮುಷ್ಟಿಯಷ್ಟಕ್ಕೆ ಕೂಡಿಕೊಂಡಿರುತ್ತದೆ, ಎದುರಿಗೆ ಬಂದು ನಿಂತ ಹುಂಜವೇ ತಪ್ಪಿಹೋಗುತ್ತದೆ.

ಯಂತ್ರದ ವಿಷಯದಲ್ಲಿ ನನ್ನ ತೀರ್ಪು ಸರಳ. 1950ರಲ್ಲಿ ಬಂದ ರೆಮಿಂಗ್ಟನ್ 870, ಅದರ ಹಿಂದೆ 1960ರ ದಶಕದ ಆರಂಭಕ್ಕೆ ಬಂದ ಮಾಸ್‌ಬರ್ಗ್ 500, ಇಂಥ ಪಂಪ್ ಕೋವಿಗಳು ಕೆಸರಿಗೂ ಮಳೆಗೂ ಬಗ್ಗದೆ ಇಷ್ಟು ಕಾಲ ನಡೆದಿವೆ. ಎಡಗೈಯವರಿಗೆ ಮಾಸ್‌ಬರ್ಗ್ ಮೇಲು, ಅದರ ಸೇಫ್ಟಿ ಬೆನ್ನಿನ ಮೇಲೆ ಹೆಬ್ಬೆರಳಿಗೇ ಸಿಗುತ್ತದೆ. ಗ್ಯಾಸಿನಿಂದ ನಡೆಯುವ ಆಟೊಮ್ಯಾಟಿಕ್ ಒದೆತ ತಗ್ಗಿಸುತ್ತದೆ, ಆದರೆ ಮಸಿ ಒರೆಸುವ ಶಿಸ್ತು ಬೇಕು. ಜಡತ್ವದ ಬಲದಿಂದ ನಡೆಯುವ ಆಟೊಮ್ಯಾಟಿಕ್ ಕೊಳ್ಳುವವರಿಗೆ ಒಂದು ಮಾತು ತಪ್ಪದೆ ಹೇಳಿ. ನಸುಕಿನಲ್ಲಿ, ಕೊಂಬೆಯ ಮೇಲಿರುವ ಹಕ್ಕಿಗೆ ಕೇಳಿಸಬಾರದೆಂದು ಬೋಲ್ಟನ್ನು ಮೆಲ್ಲಗೆ ಬಿಟ್ಟರೆ ಅದು ಪೂರ್ತಿ ಕೂರದೆ ಉಳಿಯಬಹುದು. ಹುಂಜ ಎದುರಿಗಿರುವಾಗ ಟ್ರಿಗರ್ ಒತ್ತಿದರೆ ಬರಿಯ ಟಿಕ್ ಸದ್ದು. ಮಡಚುವ ಒಂಟಿ ನಳಿಗೆಗೆ ಇಂಥ ತಂಟೆಯೇ ಇಲ್ಲ. ಒಂದೇ ಈಡಿನ ಈ ಬೇಟೆಗೆ, ಕೈಯಲ್ಲಿ ದುಡ್ಡು ಕಡಿಮೆ ಇರುವವರಿಗೆ, ನೀವು ಮೂಲೆಯಲ್ಲಿಟ್ಟಿರುವ ಆ ಕೋವಿಯನ್ನು ಮುಂದಕ್ಕೆ ತನ್ನಿ. ಎರಡು ಬೋರಿನ ಕೋವಿ ಇರುವ ಮನೆಯವರಿಗೆ ಜೇಬು ಬೇರೆ ಬೇರೆ ಇಡಲು ಹೇಳಿ. 20 ಬೋರಿನ ತೋಟಾ 12 ಬೋರಿನ ನಳಿಗೆಯಲ್ಲಿ ಜಾರಿ ಸಿಕ್ಕಿಕೊಂಡು, ಅದರ ಹಿಂದೆ ಇನ್ನೊಂದು ತೋಟಾ ಹಾಕಿ ಹೊಡೆದರೆ ನಳಿಗೆ ಸಿಡಿಯುತ್ತದೆ. 20 ಬೋರಿನ ತೋಟಾಗೆ ಹಳದಿ ಬಣ್ಣ ಕೊಟ್ಟಿರುವುದೇ ಅದಕ್ಕೆ.

ಈ ಪತ್ರದ ಇಂಗ್ಲಿಷ್ ಪ್ರತಿಯನ್ನು ನಿಮಗೆ ಬೇರೆಯಾಗಿ ಕಳಿಸಿದ್ದೇನೆ. ಕನ್ನಡದಲ್ಲಿ ಪ್ರಕಟಿಸುತ್ತಿರುವುದು ನಿಮ್ಮಲ್ಲಿಗೆ ಬರುವ ನಮ್ಮವರೂ ಓದಲಿ ಎಂದು. ಕೊಡಗಿನಲ್ಲಿ ಕೈಲ್ ಪೊಳ್ದ್ ದಿನ ಕೋವಿಗೆ ಹೂವಿಟ್ಟು ಪೂಜಿಸುತ್ತಾರೆ. ಮಲೆನಾಡಿನ ಎಷ್ಟೋ ಮನೆಗಳಲ್ಲಿ ಅಜ್ಜನ ಜೋಡಿನಳಿಗೆ ಇದೆ. ಆದರೆ 1972ರ ವನ್ಯಜೀವಿ ಕಾಯಿದೆಯ ನಂತರ ಹುಟ್ಟಿದವರಿಗೆ ಬೇಟೆಯ ಪಾಠ ಮನೆಯಲ್ಲಿ ಸಿಕ್ಕಿಲ್ಲ, ಸಿಗಬೇಕಾಗಿಯೂ ಇರಲಿಲ್ಲ. ಎಚ್-1ಬಿಯಂಥ ತಾತ್ಕಾಲಿಕ ವೀಸಾದವರಿಗೆ ಇಲ್ಲಿ ಕೋವಿ ಕೊಳ್ಳುವುದು ಸಾಮಾನ್ಯವಾಗಿ ನಿಷಿದ್ಧ. ರಾಜ್ಯದ ಬೇಟೆ ಪರವಾನಗಿ ಇದ್ದವರಿಗೆ ವಿನಾಯಿತಿ ಉಂಟು. ಹಾಗೆ ಪರವಾನಗಿ ಹಿಡಿದು ಬಂದವನಿಗೆ ಕೋವಿಯ ಮೇಲೆ ಭಕ್ತಿ ಇರುತ್ತದೆ, ಟರ್ಕಿಯ ಪರಿಚಯ ಇರುವುದಿಲ್ಲ. ಹುಂಜದ ತಲೆಯ ಕೆಂಪು, ಬಿಳಿ, ನೀಲಿ ಬಣ್ಣಗಳನ್ನು ಮೈಮೇಲೆ ಹಾಕಬಾರದು, ಕೇಳಿಸಿದ ಕೂಗಿನ ಕಡೆಗೆ ನುಸುಳಿಕೊಂಡು ಹೋಗಬಾರದು, ಏಕೆಂದರೆ ಕೂಗುತ್ತಿರುವುದು ಇನ್ನೊಬ್ಬ ಬೇಟೆಗಾರನೂ ಆಗಿರಬಹುದು. ಇದನ್ನು ಬಿಲ್ ಕೊಡುವಾಗ ನೀವೇ ಹೇಳಬೇಕು.

ಕೇಳುವುದು ಇಷ್ಟೇ. ಈ ಏಪ್ರಿಲ್‌ಗೆ ಮೊದಲು ಮಾರುವ ಪ್ರತಿ ಟರ್ಕಿ ಕೋವಿಯ ಜೊತೆ ಗುರಿಹಾಳೆಯ ಒಂದು ಕಟ್ಟು ಕೊಡಿ. ಎರಡು ಮೂರು ಬಗೆಯ ತೋಟಾಗಳನ್ನು ಪೆಟ್ಟಿಗೆ ಒಡೆದು ಬಿಡಿಯಾಗಿ ಮಾರಿ. ಪರೀಕ್ಷೆಗೆಂದು ಐವತ್ತು ಡಾಲರಿನ ಪೆಟ್ಟಿಗೆ ಕೊಳ್ಳುವ ಶಕ್ತಿ ಎಲ್ಲರಿಗೂ ಇರುವುದಿಲ್ಲ. ನಿಮಗೆ ರೇಂಜ್ ಇದ್ದರೆ ಹೊಸಬರಿಗೆ ಒಂದು ಬೆಳಗ್ಗೆ ಬಿಟ್ಟುಕೊಡಿ. ಕೌಂಟರಿನ ಹಿಂದಿನ ಫಲಕದಿಂದ 60 ಅಳಿಸಿ 40 ಎಂದು ಬರೆಯಿರಿ. ಕೊಳ್ಳಲು ಹೊರಟ ನಮ್ಮವರೇ, ಹಾಳೆಗೆ ಹೊಡೆದು ನೋಡದ ಕೋವಿಯನ್ನು ಈ ವಸಂತದಲ್ಲಿ ಕಾಡಿಗೆ ಒಯ್ಯಬೇಡಿ.

ಇತಿ,
ಒಬ್ಬ ಗ್ರಾಹಕ