ಪಾಲಿಸಿ ಮಾಸ್ತರರು

ಮಂಠಾಳದ ಚಹಾ ಹೋಟೆಲಿನ ಬೆಂಚಿನ ಮೇಲೆ, ಕಂಕುಳಲ್ಲಿ ಉದ್ದನೆಯ ಹಾಜರಿ ಪುಸ್ತಕ ಇರುಕಿಕೊಂಡು ಒಬ್ಬರು ಕುಳಿತಿದ್ದರೆ ಅವರೇ ಪಾಲಿಸಿ ಮಾಸ್ತರರು. ಗಣಿತ ಕಲಿಸಿ ನಿವೃತ್ತರಾಗಿ ಎಂಟು ವರ್ಷವಾಯಿತು. ಅಂಕ ಕೊಡುವ ಚಟ ಮಾತ್ರ ನಿವೃತ್ತಿಯಾಗಿಲ್ಲ. ಹುಡುಗರ ಹೆಸರಿದ್ದ ಜಾಗದಲ್ಲಿ ಈಗ ವಿಮಾ ಕಂಪನಿಗಳ ಹೆಸರಿವೆ. ಮುಂದಿನ ಕಾಲಂಗಳಲ್ಲಿ ಕೋಣೆ ಬಾಡಿಗೆ, ಕೋ-ಪೇ, ಹಳೇ ರೋಗಕ್ಕೆ ಕಾಯುವ ಅವಧಿ. ಇವತ್ತಿಗೂ ಒಂದು ಕಂಪನಿಯೂ 35 ದಾಟಿ ಪಾಸಾಗಿಲ್ಲ.

65 ತುಂಬಿದ ದಿನ ಮಾಸ್ತರರು ಸೂತಕದ ಮುಖ ಮಾಡಿಕೊಂಡಿದ್ದರು. ಆಗ ಬಹಳಷ್ಟು ಕಂಪನಿಗಳು ಆ ವಯಸ್ಸು ದಾಟಿದವರಿಗೆ ಹೊಸ ಪಾಲಿಸಿ ಕೊಡುತ್ತಿರಲಿಲ್ಲ. 2024ರ ಏಪ್ರಿಲಿನಿಂದ ಆ ತಡೆ ಹೋಯಿತು. ಹಳೇ ರೋಗಕ್ಕೆ ಕಾಯಿಸುವ ಗರಿಷ್ಠ ಅವಧಿಯೂ ನಾಲ್ಕು ವರ್ಷದಿಂದ ಮೂರಕ್ಕಿಳಿಯಿತು. ಹೋಟೆಲಿನಲ್ಲಿದ್ದವರಿಗೆಲ್ಲ ಚಹಾ ಕುಡಿಸಿದರು. ಪಾಲಿಸಿ ಮಾತ್ರ ಮಾಡಿಸಲಿಲ್ಲ. ಅವಸರ ಮಾಡಬಾರದು, ನೋಡ್ರಿ.

ಅವರದು ಒಂದು ಮೆಚ್ಚಿನ ಲೆಕ್ಕ. ಕರಿಹಲಗೆ ಇಲ್ಲದ್ದರಿಂದ ಟೇಬಲ್ಲಿನ ಮೇಲೆ ಚಹಾದಲ್ಲಿ ಬೆರಳದ್ದಿ ಬರೆಯುತ್ತಾರೆ. ಪಾಲಿಸಿಯಲ್ಲಿ ಕೋಣೆ ಬಾಡಿಗೆಯ ಮಿತಿ ದಿನಕ್ಕೆ 5,000. ಮಗ ಸೊಲ್ಲಾಪುರದಲ್ಲಿ ಅಪ್ಪನ ಮೇಲಿನ ಪ್ರೀತಿಗೆ 10,000ದ ಕೋಣೆ ಹಿಡಿದ. ಹೋಗುವುದು ಬಾಡಿಗೆಯ ವ್ಯತ್ಯಾಸ ಮಾತ್ರವೇ? “ತ್ರೈರಾಶಿ ಹಚ್ರಿ! ಔಷಧಿ ಬಿಟ್ಟು ಡಾಕ್ಟರ್ ಫೀಸು, ಆಪರೇಶನ್ ಎಲ್ಲಾ ಅರ್ಧಕ್ಕರ್ಧ ಕಟ್!” ಕೇಳಿದವರು ಗಾಬರಿಯಾಗಿ ಅಗ್ಗದ ಕೋಣೆಯಲ್ಲೇ ಸಾಯುವುದೆಂದು ನಿಶ್ಚಯಿಸಿ ಏಳುತ್ತಾರೆ.

ಬಸವಕಲ್ಯಾಣದ ಆಟೋನಗರದಲ್ಲಿ ಲಾರಿ ರಿಪೇರಿ ಮಾಡುವ ಹಳೇ ಶಿಷ್ಯನೊಬ್ಬ ಒಮ್ಮೆ ತಡೆಯಲಾರದೆ ಕೇಳಿದ: “ಮಾಸ್ತರ್, ಲಾರಿಗಿ ಹತ್ತು ನಿಮಿಷದಾಗ ಇನ್ಶೂರೆನ್ಸ್ ಆಗ್ತದ. ನಿಮಗ ಎಂಟು ವರ್ಷ ಬೇಕೇನ್ರಿ?”

“ಲಾರಿಗಿ ಶುಗರ್ ಇರಲ್ಲೋ,” ಎಂದರು ಮಾಸ್ತರರು.

ಹಾಗೆಂದು ಅವರು ಪಾಲಿಸಿ ಕೊಂಡೇ ಇಲ್ಲ ಎನ್ನುವಂತಿಲ್ಲ. ಮೂರು ಸಲ ಕೊಂಡಿದ್ದಾರೆ. ಕೈಗೆ ಬಂದ ಪಾಲಿಸಿ ಒಪ್ಪಿಗೆಯಾಗದಿದ್ದರೆ 30 ದಿನದೊಳಗೆ ಹಿಂದಿರುಗಿಸಬಹುದೆಂಬ ನಿಯಮವಿದೆಯಲ್ಲ, ಅದನ್ನು ಇಷ್ಟು ಭಕ್ತಿಯಿಂದ ಪಾಲಿಸಿದವರು ಬೀದರ ಜಿಲ್ಲೆಯಲ್ಲೇ ಇರಲಿಕ್ಕಿಲ್ಲ. 29 ದಿನ ಕೆಂಪು ಪೆನ್ನು ಹಿಡಿದು ಓದಿ, 30ನೆಯ ದಿನ ವಾಪಸ್. ಸ್ಟ್ಯಾಂಪಿನದು, ತಪಾಸಣೆಯದು ಎಂದು ಮುರಿದುಕೊಂಡ ದುಡ್ಡಿಗಾಗಿ ಮತ್ತೆರಡು ತಿಂಗಳು ಪತ್ರವ್ಯವಹಾರ. ಅಂಗಡಿಯ ಸೀರೆಯೆಲ್ಲ ಬಿಚ್ಚಿಸಿ ಬರಿಗೈಲಿ ಬರುವ ಹೆಂಗಸರನ್ನು ಆಡಿಕೊಳ್ಳುತ್ತಿದ್ದ ಮನುಷ್ಯ ಇವರೇ.

ಗುಳಿಗೆಯ ಪ್ರಕರಣ ಬೇರೆ. ಬಿಪಿ, ಶುಗರ್ ಎರಡಕ್ಕೂ ತಿಂಗಳಾ ಗುಳಿಗೆ ಬೇಕು. ಮನೆಯಲ್ಲಿ ಕೂತು ನುಂಗುವ ಗುಳಿಗೆಗೆ ಸಾಮಾನ್ಯ ಪಾಲಿಸಿ ಬಿಡಿಗಾಸು ಕೊಡುವುದಿಲ್ಲ. ಆರೋಗ್ಯ ಸಂಜೀವನಿ ಪಾಲಿಸಿಯಲ್ಲಿ, ಆಸ್ಪತ್ರೆಯಿಂದ ಬಂದ ಮೇಲೆ 60 ದಿನದ ಔಷಧಿಯ ಖರ್ಚು ಸಿಗುತ್ತದೆಂದು ಓದಿದ ರಾತ್ರಿ ಮಾಸ್ತರರಿಗೆ ನಿದ್ದೆ ಬರಲಿಲ್ಲ. ವರ್ಷಕ್ಕೆ ಆರು ಸಲ, ಒಂದೊಂದು ದಿನ ಅಡ್ಮಿಟ್ ಆದರೆ? ಬೆಳಿಗ್ಗೆ ಹೆಂಡತಿಗೆ ಹೇಳಿದರು. “ಆರು ಸಲ ಬುತ್ತಿ ಕಟ್ಟಿ ನಾ ಹುಮನಾಬಾದಿಗಿ ಹೊರ್ಲೇನು?” ಎಂದರಾಕೆ. ಬರೀ ತಪಾಸಣೆಗಾಗಿ ಅಡ್ಮಿಟ್ ಆದರೆ ದುಡ್ಡು ಸಿಗದೆಂಬ ಸಾಲು ಮಧ್ಯಾಹ್ನ ಕಣ್ಣಿಗೆ ಬಿತ್ತು. ಆಕೆ ಸದ್ದಿಲ್ಲದೆ ಜೆನೆರಿಕ್ ಗುಳಿಗೆ ತರಿಸಿ ಡಬ್ಬಿಗೆ ತುಂಬುತ್ತಾರೆ. ಮಾಸ್ತರರು ಅದನ್ನೇ ನುಂಗಿ ಸಂಶೋಧನೆ ಮುಂದುವರಿಸುತ್ತಾರೆ. ಅತ್ತ, ತೊಗರಿ ಬೆಳೆಯುವ ಅವರ ತಮ್ಮ, ಸೊಸೈಟಿಯಲ್ಲಿ 500 ರೂಪಾಯಿ ಕಟ್ಟಿ ಮನೆಮಂದಿಗೆಲ್ಲ ಯಶಸ್ವಿನಿ ಆರೋಗ್ಯ ಯೋಜನೆ ಮಾಡಿಸಿ ಬಂದ. ಶರತ್ತು ಓದಿದೆಯಾ ಎಂದು ಅಣ್ಣ ಕೇಳಿದ್ದಕ್ಕೆ, “ಓದೋದು ನಿಂದು, ಹೊಲ ನಂದು” ಎಂದನಂತೆ.

2025ರ ಸೆಪ್ಟೆಂಬರ್ 22ರಿಂದ ವೈಯಕ್ತಿಕ ಆರೋಗ್ಯ ವಿಮೆಯ ಮೇಲಿನ ಶೇ. 18 ಜಿಎಸ್‌ಟಿ ಹೋಯಿತು. 40,000ದ ಪ್ರೀಮಿಯಂಗೆ 7,200 ಉಳಿತಾಯ. ಇನ್ನಾದರೂ ಸಹಿ ಹಾಕುವರೆಂದು ಏಜೆಂಟ್ ಸಿಹಿ ತಂದ. ಮಾಸ್ತರರು ಸಿಹಿ ತಿಂದು (ಶುಗರ್ ಇದ್ದರೂ), ಹಳೇ ಲೆಕ್ಕವೆಲ್ಲ ತಪ್ಪಾಯಿತೆಂದು ಹೊಸ ಹಾಜರಿ ಪುಸ್ತಕ ಕೊಂಡರು.

ಈಗ ಅವರ ಕಣ್ಣೆಲ್ಲ 70ರ ಮೇಲೆ. ಕೇಂದ್ರ ಸರಕಾರ 2024ರ ಅಕ್ಟೋಬರಿನಲ್ಲಿ 70 ತುಂಬಿದವರಿಗೆ, ಆದಾಯ ನೋಡದೆ, ವರ್ಷಕ್ಕೆ 5 ಲಕ್ಷದವರೆಗಿನ ಆಯುಷ್ಮಾನ್ ಚಿಕಿತ್ಸೆ ಸಾರಿತಲ್ಲ! ತೊಡಕೆಂದರೆ ಜನ್ಮದಿನಾಂಕ. ಶಾಲೆಗೆ ಸೇರಿಸುವಾಗ ಹೆಡ್‌ಮಾಸ್ತರರು ಎಲ್ಲ ಹುಡುಗರಂತೆ ಇವರನ್ನೂ ಜೂನ್ 1ರಂದೇ ಹುಟ್ಟಿಸಿದ್ದರು, ಅದೂ ಎರಡು ವರ್ಷ ತಡವಾಗಿ. ಆ ಎರಡು ವರ್ಷ ಹೆಚ್ಚಿಗೆ ಪಗಾರ ಎಣಿಸಿದಾಗ ಹೆಡ್‌ಮಾಸ್ತರರು ದೇವರಾಗಿದ್ದರು. ಈಗ ಮೊಣಕಾಲಿಗೆ 70, ಆಧಾರಿಗೆ 68. ದೇವರನ್ನು ದಿನಾ ಬೈಯುತ್ತಾರೆ.

ಹೆಂಡತಿ ಶಾಲೆಯ ಮುಖ ಕಂಡವರಲ್ಲ. ಆಧಾರ್ ಮಾಡುವ ಹುಡುಗ ಆಕೆಯ ನೆರೆಗೂದಲು ನೋಡಿ ಅಂದಾಜಿನಲ್ಲಿ ಬಡಿದ ಲೆಕ್ಕದಲ್ಲಿ ಆಕೆಗೆ 71. ಗಂಡನಿಗಿಂತ ಮೂರು ವರ್ಷ ಹಿರಿಯಳು, ಸರಕಾರದ ಪ್ರಕಾರ ಅರ್ಹಳು. ಈ ಗುಟ್ಟು ಬಯಲಾದ ದಿನ ಹೋಟೆಲಿನಲ್ಲಿ ಎಲ್ಲರೂ ಕಾಡಿದರು. ಮನೆಗೆ ಬಂದು ಹೇಳಿಕೊಂಡರೆ ಆಕೆ ಜೋಳ ಹಸನು ಮಾಡುತ್ತ ತಲೆಯೆತ್ತಲಿಲ್ಲ.

“ಹಂಗಾದ್ರ ಈ ದೀಪಾವಳಿಗಿ ನೀವೇ ನನ್ನ ಕಾಲಿಗಿ ಬೀಳ್ರಿ,” ಎಂದರು. “ಮೊಣಕಾಲು ಬಗ್ಗಿದ್ರ.”