ಯಾಂತ್ರಿಕ ಸ್ನಾತಕ ಮೀಮಾಂಸೆ: ಫಲಿತಾಧಾರಿತ ಪ್ರವೇಶಿಕೆ

ಶಾಸ್ತ್ರಗ್ರಂಥಕ್ಕೆ ಅನುಬಂಧ ಚತುಷ್ಟಯ ಇರಲೇಬೇಕು: ವಿಷಯ, ಪ್ರಯೋಜನ, ಸಂಬಂಧ, ಅಧಿಕಾರಿ. ಪ್ರಕೃತ ಗ್ರಂಥದ ವಿಷಯ ಬಿ.ಇ. ಮೆಕ್ಯಾನಿಕಲ್. ಅಧಿಕಾರಿ ಎಂದರೆ ಸಿಇಟಿಯಲ್ಲಿ ಕಂಪ್ಯೂಟರ್ ಸೈನ್ಸ್ ಸಿಗದೆ ಉಳಿದ ಜೀವ. ಸಂಬಂಧವೆಂಬುದು ಓದಿಗೂ ಮುಂದಿನ ಕೆಲಸಕ್ಕೂ ಇರತಕ್ಕದ್ದು, ಅದು ಅನಿರ್ವಚನೀಯ. ಪ್ರಯೋಜನವನ್ನು ಗ್ರಂಥಾಂತ್ಯದಲ್ಲಿ ನಿರೂಪಿಸಲಾಗುವುದು. ಕಾಲೇಜಿನ ಪ್ರಾಸ್ಪೆಕ್ಟಸ್ಸೂ ಹಾಗೇ ಹೇಳುತ್ತದೆ.

1.1 ಫಲಿತಪ್ರಕರಣ

ಪೂರ್ವಕಾಲದಲ್ಲಿ ವಿದ್ಯಾರ್ಥಿಯು ಓದುತ್ತಿದ್ದನು. ಪಾಸಾಗುತ್ತಿದ್ದನು ಅಥವಾ ಫೇಲಾಗುತ್ತಿದ್ದನು. ಈ ಸ್ಥೂಲದೃಷ್ಟಿ ಈಗ ಖಂಡಿತವಾಗಿದೆ. 2014ರಲ್ಲಿ ಭಾರತವು ಎಂಜಿನಿಯರಿಂಗ್ ಪದವಿಗಳ ಪರಸ್ಪರ ಮಾನ್ಯತೆಯ ವಾಷಿಂಗ್ಟನ್ ಒಪ್ಪಂದದ ಕಾಯಂ ಸದಸ್ಯ ರಾಷ್ಟ್ರವಾಯಿತು. ಅದರೊಡನೆ ಫಲಿತಾಧಾರಿತ ಶಿಕ್ಷಣವೆಂಬ ದರ್ಶನ ನಮ್ಮ ಸ್ಟಾಫ್‌ರೂಮಿನ ಕಪಾಟುಗಳನ್ನೆಲ್ಲ ತುಂಬಿತು. ಇದರ ಪ್ರಕಾರ ಪ್ರತಿ ವಿಷಯಕ್ಕೂ ನಾಲ್ಕೈದು ಸಿಒಗಳು, ಅಂದರೆ ವಿಷಯಫಲಿತಗಳು; ಇಡೀ ಪದವಿಗೆ ಪಿಒಗಳು, ಅಂದರೆ ಪದವಿಫಲಿತಗಳು, ಬಹುಕಾಲ ಹನ್ನೆರಡಿದ್ದವು. ಇವುಗಳ ನಡುವಣ ಕೋಷ್ಟಕದ ಮನೆಗಳಲ್ಲಿ 1, 2, 3 ಎಂಬ ಅಂಕಿಗಳನ್ನು ಪ್ರತಿಷ್ಠಾಪಿಸಬೇಕು. 3 ಎಂದರೆ ರಕ್ತಸಂಬಂಧ, 2 ಎಂದರೆ ಬೀಗತನ, 1 ಎಂದರೆ ಒಂದೇ ಊರಿನವರು. ಜಾತಕ ಕುಂಡಲಿಯಲ್ಲೂ ಹನ್ನೆರಡೇ ಮನೆಗಳಿರುವುದು ಕಾಕತಾಳೀಯ ಎನ್ನುವವರು ರಾತ್ರಿ ಹನ್ನೊಂದಕ್ಕೆ ಕೂತು ಈ ಕೋಷ್ಟಕ ತುಂಬಿದವರಲ್ಲ.

ಇನ್ನು ಕಲಿಕೆಯನ್ನು ಅಳೆಯುವ ಬ್ಲೂಮ್ ಮಹಾಶಯನ ಷಟ್‌ಸೋಪಾನ. 1956ರಲ್ಲಿ ಹುಟ್ಟಿ 2001ರಲ್ಲಿ ಪರಿಷ್ಕೃತವಾದ ಈ ಏಣಿಯ ಕೆಳಮೆಟ್ಟಿಲು ಸ್ಮರಣೆ, ತುತ್ತತುದಿ ಸೃಷ್ಟಿ. ಪ್ರಶ್ನೆಪತ್ರಿಕೆಯ ಬಲ ಅಂಚಿನಲ್ಲಿ ಪ್ರತಿ ಪ್ರಶ್ನೆಗೂ ಅದರ ಮೆಟ್ಟಿಲನ್ನು ನಮೂದಿಸತಕ್ಕದ್ದು. ಎಂಟ್ರೊಪಿ ಎಂದರೇನು? ಎಲ್1. ಕಾರ್ನೋ ಚಕ್ರವನ್ನು ವಿವರಿಸಿ. ಎಲ್2. ಕಳೆದ ವರ್ಷದ ಲೆಕ್ಕದಲ್ಲಿ 10 ಬಾರ್ ಇದ್ದುದನ್ನು 12 ಬಾರ್ ಮಾಡಿದರೆ ಎಲ್4, ಅಂದರೆ ವಿಶ್ಲೇಷಣೆ. ಹುಡುಗ ಮೂರನ್ನೂ ಜೆರಾಕ್ಸ್ ಅಂಗಡಿಯ ಒಂದೇ ನೋಟ್ಸಿನಿಂದ, ಒಂದೇ ರಾತ್ರಿಯಲ್ಲಿ ಉರುಹೊಡೆದು ಬಂದಿರುತ್ತಾನೆ. ಅದು ಬ್ಲೂಮನ ಗಮನಕ್ಕೆ ಬಂದಂತಿಲ್ಲ.

1.2 ವಿದ್ಯಾರ್ಥಿಭೇದ

ಫೇಲಾಗಿ ಉಳಿದ ವಿಷಯವಾದ ‘ಬ್ಯಾಕ್’ ಲೆಕ್ಕದಲ್ಲಿ ವಿದ್ಯಾರ್ಥಿಗಳು ಪಂಚವಿಧ: ಬ್ಯಾಕ್‌ರಹಿತ, ಏಕಬ್ಯಾಕ, ಬಹುಬ್ಯಾಕ, ಇಯರ್‌ಬ್ಯಾಕಾಪನ್ನ, ಜೀವನ್ಮುಕ್ತ. ಬ್ಯಾಕ್‌ರಹಿತನಿಗೆ ಮಿನಿ ಡ್ರಾಫ್ಟರ್ ಸ್ವಂತದ್ದಿರುತ್ತದೆ. ಏಕಬ್ಯಾಕನು ಅದನ್ನು ಎರವಲು ಪಡೆಯುತ್ತಾನೆ. ಬಹುಬ್ಯಾಕನು ಎರವಲು ಪಡೆದದ್ದನ್ನು... ಇರಲಿ. ಉಳಿದವರನ್ನು ಓದುಗರು ತಮ್ಮ ಮನೆಗಳಲ್ಲೇ ಗುರುತಿಸಿಕೊಳ್ಳಬಹುದು.

1.3 ಕರಸ್ಪರ್ಶವರ್ಜಿತ ಪ್ರಯೋಗವಾದ

ಯುಟಿಎಂ ಎಂಬ ಯಂತ್ರವಿದೆ. ಉಕ್ಕಿನ ಸರಳನ್ನು ಅದರ ದವಡೆಗೆ ಕಚ್ಚಿಸಿ ಎಳೆಯುವುದು ಪ್ರಯೋಗ. ಒಂದು ಬ್ಯಾಚಿಗೆ ಒಂದು ಸರಳು. ಇಪ್ಪತ್ತು ಜನ ಸುತ್ತ ನಿಲ್ಲುತ್ತಾರೆ. ಮುಂದಿನ ಆರು ಜನರಿಗೆ ಯಂತ್ರ, ಉಳಿದವರಿಗೆ ಆ ಆರು ಜನರ ಬೆನ್ನು ಕಾಣುತ್ತದೆ. ಆಮೇಲೆ ಸೀನಿಯರ್ ರೆಕಾರ್ಡಿನಿಂದ ರೀಡಿಂಗ್ ಇಳಿಸಿಕೊಳ್ಳುವುದು. ಯಂಗ್ ಮಾಡ್ಯುಲಸ್ 200 ಗಿಗಾಪಾಸ್ಕಲ್ ಬರಬೇಕೆಂದು ಎಲ್ಲರಿಗೂ ಗೊತ್ತಿದೆ. ಆದ್ದರಿಂದ ಉತ್ತರದಿಂದ ಹಿಂದಕ್ಕೆ ನಡೆದು ಲೋಡು, ಎಕ್ಸ್‌ಟೆನ್ಷನ್ನುಗಳನ್ನು ಹುಟ್ಟಿಸಲಾಗುತ್ತದೆ. ಫಲಿತ ಮೊದಲು, ಪ್ರಯೋಗ ಅನಂತರ. ಫಲಿತಾಧಾರಿತ ಶಿಕ್ಷಣಕ್ಕೆ ಇದಕ್ಕಿಂತ ಶುದ್ಧ ಲಕ್ಷಣ ಯಾವ ಭಾಷ್ಯಕಾರನಿಗೂ ದೊರೆಯದು.

ನಾನೂ ಹಿಂದಿನ ಸಾಲಿನಲ್ಲಿ ನಿಂತವನೇ. ಆದರೆ ಒಮ್ಮೆ ಹೇಗೋ ಮುಂದೆ ಬಂದಿದ್ದೆ. ಮುಳ್ಳು ಏರುತ್ತ ಏರುತ್ತ ಒಂದು ಕಡೆ ತಡೆಯಿತು, ತುಸು ಹಿಂದೆ ಸರಿಯಿತು, ಮತ್ತೆ ಏರಿತು. ಸರಳಿನ ನಡು ಸಣ್ಣಗಾಯಿತು. ಢಬ್ ಎಂದು ಹರಿದಾಗ ಮುರಿದ ತುದಿ ಬೆಚ್ಚಗಿತ್ತು. ಒಂದು ಕಡೆ ಬಟ್ಟಲು, ಇನ್ನೊಂದು ಕಡೆ ಅದರೊಳಗೆ ಕೂರುವ ಶಂಕು. ಪುಸ್ತಕದಲ್ಲಿ ಎರಡು ಸಲ ಓದಿ ಬಿಟ್ಟಿದ್ದ ಯೀಲ್ಡ್ ಪಾಯಿಂಟ್ ಅಂದು ಕಣ್ಣೆದುರು ಆಗಿಹೋಯಿತು. ಅದನ್ನು ಮಿಕ್ಕ ಹದಿನಾಲ್ಕು ಜನರಿಂದ ಕಿತ್ತುಕೊಂಡವರು ಯಾರು? ಲಕ್ಷಗಟ್ಟಲೆ ಫೀಸು ತೆಗೆದುಕೊಂಡು ಒಂದು ಗೇಣು ಉಕ್ಕಿಗೆ ಲೆಕ್ಕ ಹಾಕಿದವರು ಯಾರು? ಮಾನ್ಯತೆ ಕೊಡುವ ಕಮಿಟಿ ಬರುವ ವಾರ ನೆಲಕ್ಕೆ ಹಳದಿ ಗೀಟು ಎಳೆಸಲು, ಯಂತ್ರಗಳಿಗೆ ಹಸಿರು ಬಣ್ಣ ಬಳಿಸಲು, ಫೈಲುಗಳಿಗೆ ಸ್ಪೈರಲ್ ಹಾಕಿಸಲು ದುಡ್ಡಿದೆ, ಸರಳಿಗೆ ಇಲ್ಲ. ಪೀಣ್ಯದ ಸಣ್ಣ ಕಾರ್ಖಾನೆಯವನು ನಮ್ಮ ಪದವೀಧರನ ಕೈಗೆ ಮೈಕ್ರೋಮೀಟರ್ ಕೊಟ್ಟು, ಅವನು ಅದನ್ನು ತಿರುಗಿಸಿ ತಿರುಗಿಸಿ ನೋಡುವುದನ್ನು ಕಂಡು, ಐಟಿಐ ಹುಡುಗನನ್ನು ಕರೆದುಕೊಳ್ಳುತ್ತಾನೆ. ನಮ್ಮವನು ಎಲೆಕ್ಟ್ರಾನಿಕ್ ಸಿಟಿಗೆ ಹೋಗಿ ಜಾವಾ ಕಲಿಯುತ್ತಾನೆ. ತಪ್ಪೇನಿಲ್ಲ, ಸಂಬಳ ಬರುತ್ತದೆ. ಅವನ ನಾಲ್ಕು ವರ್ಷ ಎಲ್ಲಿ ಹೋಯಿತೆಂದು ಮಾತ್ರ ಯಾವ ಕೋಷ್ಟಕವೂ ಕೇಳುವುದಿಲ್ಲ.

ಕ್ಷಮಿಸಿ. ಶಾಸ್ತ್ರಕಾರ ಸಿಟ್ಟಾಗಬಾರದು.

1.4 ಗುರುಪ್ರಕರಣ

ಮೊದಲ ವರ್ಷದ ಫಿಟ್ಟಿಂಗ್ ಶಾಪಿನಲ್ಲಿ ನಮಗೊಬ್ಬರು ಇನ್‌ಸ್ಟ್ರಕ್ಟರ್ ಇದ್ದರು. ಐಟಿಐ ಓದಿದವರು. ಕೈಗೆ ಒಂದು ಎಂಎಸ್ (ಮೆದು ಉಕ್ಕು) ತುಂಡು, ಒಂದು ಅರ ಕೊಟ್ಟು ‘ಉಜ್ಜು’ ಅನ್ನುತ್ತಿದ್ದರು. ಮೂರು ಗಂಟೆ ಉಜ್ಜಿ, ಅಂಗೈಯಲ್ಲಿ ಬೊಬ್ಬೆ ಎಬ್ಬಿಸಿಕೊಂಡು ತೆಗೆದುಕೊಂಡು ಹೋದರೆ ಟ್ರೈ ಸ್ಕ್ವೇರ್ ಇಟ್ಟು ಕಿಟಕಿಯ ಕಡೆ ಹಿಡಿಯುವರು. ‘ಬೆಳಕು ಬರ್ತಿದೆ ನೋಡು. ಹೋಗು, ಉಜ್ಜು.’ ನಾಲ್ಕನೇ ಸಲಕ್ಕೆ ಬೆಳಕು ನಿಂತಿತು. ಅವರು ಏನೂ ಅನ್ನಲಿಲ್ಲ, ತುಂಡನ್ನು ನನ್ನ ಕೈಗೆ ಹಾಕಿ ಮುಂದಿನವನನ್ನು ಕರೆದರು. ಹರಿಹರದಲ್ಲಿ ತಯಾರಾದ ಹಳೆಯ ಕಿರ್ಲೋಸ್ಕರ್ ಲೇತಿಗೆ ಅವರು ಸ್ಕ್ರೂಡ್ರೈವರಿನ ತುದಿ ಒತ್ತಿ, ಹಿಡಿಗೆ ಕಿವಿ ಕೊಟ್ಟು, ಯಾವ ಬೇರಿಂಗ್ ಹೋಗಿದೆ ಎಂದು ಹೇಳುತ್ತಿದ್ದರು. ಅದು ಬ್ಲೂಮನ ಎಷ್ಟನೆಯ ಮೆಟ್ಟಿಲೋ! ಅವರು ನಿವೃತ್ತರಾದರು; ಆ ಹುದ್ದೆ ತುಂಬಲಿಲ್ಲ. ಲೇತಿನ ಮೇಲೆ ಈಗ ನೀಲಿ ಟಾರ್ಪಾಲು ಇದೆ. ನಾನು ಅದೇ ವಿಭಾಗದಲ್ಲಿ ಮೇಷ್ಟ್ರು. ಆ ತುಂಡು ನನ್ನ ಮೇಜಿನ ಮೇಲೆ, ಕೋಷ್ಟಕದ ಹಾಳೆಗಳು ಹಾರದಂತೆ ಕೂತಿದೆ.

1.5 ಪ್ರಯೋಜನ

ಮೊನ್ನೆ ಹೊಸ ಸ್ಕೀಮಿನ ಫಿಟ್ಟಿಂಗ್ ಲ್ಯಾಬಿಗೆ ಸಿಒ ಬರೆಯಬೇಕಾಯಿತು. ‘ಬೆಳಕು ನಿಲ್ಲುವವರೆಗೆ ಉಜ್ಜುವುದು’ ಎಂದು ಬರೆದು, ಇದನ್ನು ಯಾವ ಪಿಒಗೆ ಹೊಂದಿಸಲಿ ಎಂದು ವಿಭಾಗದ ಮುಖ್ಯಸ್ಥರನ್ನು ಕೇಳಿದೆ. ಅವರು ಚಹಾ ಕೆಳಗಿಟ್ಟು ಸ್ವಲ್ಪ ಹೊತ್ತು ನೋಡಿದರು.

‘ಕೊನೇದಕ್ಕೆ ಹಾಕ್ರಿ, ಜೀವನಪರ್ಯಂತ ಕಲಿಕೆ. 2 ಕೊಡಿ. ಎಲ್ಲಾದಕ್ಕೂ 3 ಕೊಟ್ರೆ ಕಮಿಟಿಗೆ ಅನುಮಾನ ಬರುತ್ತೆ.’